ಮೌನವು ಸಮ್ಮತಿಯೋ?

ಈ ತಿಂಗಳಿನ ಪಾಠಕ್ಕೆ ನಾವು ಆರಿಸಿಕೊಂಡ ವಿಷಯವು ಮಲೆನಾಡಿನವರಿಗೆ ಬಹು ಪರಿಚಯವಾದದ್ದೇ. ಅದೇನಂದರೆ, ಮಾತಿಗೆ ಹಿಂಜರಿಯುವದು. ಮನಸ್ಸಿನೊಳಗೆ ಒಂದು ಅಭಿಪ್ರಾಯವಿದ್ದರೂ ಅದನ್ನು ನಾಲ್ಕು ಜನರ ಮುಂದೆ ತೆರೆದು ಹೇಳದೆ ಇರುವದು. ಬಯಲುಸೀಮೆಯಿಂದ ಬಂದ ಉಪಾಧ್ಯಾಯರೂ ಅಧಿಕಾರಿಗಳೂ ನಮ್ಮ ಜನರನ್ನು ಕುರಿತು ಹೇಳುವ ದೂರು ಒಂದೇ. ಕೇಳಿದ ಮಾತಿಗೆ ಇವರು ತಲೆಯಾಡಿಸುತ್ತಾರೆ, ನಗುತ್ತಾರೆ, ಮನೆಗೆ ಹೋಗುತ್ತಾರೆ. ಒಪ್ಪಿದರೋ ಇಲ್ಲವೋ ಎಂಬದು ಆರು ತಿಂಗಳಾದ ಮೇಲೆ ತಿಳಿಯುತ್ತದೆ. ಈ ದೂರಿನಲ್ಲಿ ಸತ್ಯವೆಷ್ಟು, ಇದರಿಂದ ನಮಗೆ ಲಾಭವೆಷ್ಟು, ನಷ್ಟವೆಷ್ಟು ಎಂದು ವಿಚಾರಿಸುವದು ಒಳ್ಳೇದು.

ಜಾವಳಿಯ ನೆಲವನ್ನು ಕಂಡವರಿಗೆ ಇದರ ಕಾರಣವನ್ನು ಊಹಿಸುವದು ಕಷ್ಟವಲ್ಲ. ಹೇಮಾವತಿಯು ಹುಟ್ಟುವ ಈ ಊರಿನ ಸುತ್ತಿನಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡಿರುವದಿಲ್ಲ. ಗುಡ್ಡದ ಮಗ್ಗುಲಲ್ಲಿ ಒಂದು, ಗದ್ದೆಯ ತಲೆಗೆ ಒಂದು, ತೋಟದ ಆಚೆಗೆ ಮತ್ತೊಂದು, ಹೀಗೆ ಒಂಟಿಯಾಗಿ ನಿಂತಿವೆ. ಬಯಲುಸೀಮೆಯಲ್ಲಿ ಗೋಡೆಗೆ ಗೋಡೆ ಕೂಡಿರುತ್ತದೆ. ಅರಳೀಕಟ್ಟೆಯ ಮೇಲೆ ಸಾಯಂಕಾಲದ ಹರಟೆ ಉಂಟು. ಮಾತಿನ ಅಭ್ಯಾಸವು ಅಲ್ಲಿ ತಾನಾಗಿಯೇ ಬರುತ್ತದೆ. ನಮ್ಮಲ್ಲಿಯಾದರೋ ಮುಂಗಾರು ಹಿಡಿಯಿತೆಂದರೆ ನಾಲ್ಕು ತಿಂಗಳು ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಪಕ್ಕದಲ್ಲಿದ್ದವನ ಮಾತೇ ಕೇಳಿಸದು. ಗೊರಬು ಹೊದ್ದು ಸಸಿ ನೆಡುವವರು ಬಗ್ಗಿದ ಬೆನ್ನಿನಲ್ಲಿ ಎಷ್ಟು ಮಾತಾಡಬಲ್ಲರು? ಹೀಗೆ ತಲೆತಲಾಂತರದಿಂದ ಮಾತು ಕಡಿಮೆಯಾಗಿ ಬೆಳೆದ ಜನರು ನಾವು. ಅದನ್ನು ದೋಷವೆಂದು ಕರೆಯಲು ನಮಗೆ ಮನಸ್ಸಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಕಲಿಸಿದ್ದು ಅನುಭವದಿಂದಲೇ. ಬಾಯಿಬಡಕರಿಂದ ಊರಿಗೆ ಆದ ಹಾನಿಯನ್ನು ಲೆಕ್ಕಹಾಕಿದರೆ ಮಿತಭಾಷಿಗಳ ಮೇಲೆ ನಮಗೆ ಗೌರವವು ಹೆಚ್ಚುವದೇ ಹೊರತು ಕಡಿಮೆಯಾಗದು.

ಆದರೆ ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮಾತು ಕಡಿಮೆಯಿರುವದು ಒಂದು; ಅಭಿಪ್ರಾಯವನ್ನು ಅಡಗಿಸುವದು ಮತ್ತೊಂದು. ಇದಕ್ಕೆ ದೃಷ್ಟಾಂತವು ನಮ್ಮ ತಾಲ್ಲೂಕಿನಲ್ಲಿಯೇ ಉಂಟು. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೈಸೂರಿನಲ್ಲಿ ಓದು ಮುಗಿಸಿ ಮೂಡಿಗೆರೆಯ ಕಡೆಗೆ ಬಂದು ಕಾಫಿ ಬೇಸಾಯಗಾರರಾಗಿ ನೆಲೆಸಿದರು. ಮಹಾಕವಿ ಕುವೆಂಪುರವರ ಮಗನಾಗಿದ್ದರೂ ವೇದಿಕೆ, ಹಾರ, ಸನ್ಮಾನಗಳಿಂದ ದೂರವಿರುವವರೆಂದೇ ಹೆಸರಾದರು. ಸಭೆಗೆ ಕರೆಯಲು ಹೋದವರಿಗಿಂತ ಕೆರೆಯ ಮೀನೂ ಮರದ ಹಕ್ಕಿಯೂ ಅವರಿಗೆ ಹೆಚ್ಚು ಪ್ರಿಯವಾಗಿದ್ದವು. ಅವರ ಮನೆಯ ಹೆಸರು ‘ನಿರುತ್ತರ’. ಆ ಹೆಸರನ್ನು ಓದಿದವನು ಇವರು ಏನೂ ಹೇಳಲೊಲ್ಲದ ಮನುಷ್ಯರೆಂದು ಎಣಿಸಿಯಾನು. ಆದರೆ ಕಾಡಿನ ನಾಶ, ಜಾತಿಯ ಭೇದ, ಅಧಿಕಾರದ ದುರುಪಯೋಗ, ಇವುಗಳ ವಿಷಯದಲ್ಲಿ ಅವರ ಅಭಿಪ್ರಾಯವೇನೆಂಬದು ಕನ್ನಡ ಓದಬಲ್ಲ ಯಾರಿಗೂ ಗುಟ್ಟಾಗಿ ಉಳಿಯಲಿಲ್ಲ. ವೇದಿಕೆಯನ್ನು ಬಿಟ್ಟರು, ಅಭಿಪ್ರಾಯವನ್ನು ಬಿಡಲಿಲ್ಲ. ಹೇಳತಕ್ಕದ್ದನ್ನು ತಮಗೆ ಒಗ್ಗುವ ದಾರಿಯಿಂದ ಹೇಳಿದರು. ಇಂಥ ಮಿತಭಾಷೆಯನ್ನು ಯಾರೂ ತಿದ್ದಬೇಕಾಗಿಲ್ಲ.

ಅವರು 1980ರಲ್ಲಿ ಹೊರತಂದ ‘ಕರ್ವಾಲೋ’ ಎಂಬ ಕಾದಂಬರಿಯಲ್ಲಿ ಮಂದಣ್ಣನೆಂಬ ಹಳ್ಳಿಯವನು ಬರುತ್ತಾನೆ. ಊರವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು. ಆದರೆ ಕರ್ವಾಲೋ ಎಂಬ ವಿಜ್ಞಾನಿಯು ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೇಳುತ್ತಾನೆ. ಆಗ ಪಂಡಿತರು ಕಾಣದ ಹಾರುವ ಓತಿಯನ್ನು ಇವನು ಕಂಡಿದ್ದನೆಂದು ಹೊರಬರುತ್ತದೆ. ಅದು ಕಥೆಯೇ ಸರಿ. ಆದರೂ ನಮ್ಮ ಲೈನುಮನೆಗಳಲ್ಲಿಯೂ ಗದ್ದೆಯ ಬದುಗಳ ಮೇಲೆಯೂ ಎಷ್ಟು ಮಂದಣ್ಣಂದಿರು ಇದ್ದಾರೆಂದು ಎಣಿಸಿ ನೋಡಿರಿ. ಯಾವ ಒರತೆ ಬೇಸಿಗೆಯಲ್ಲಿ ಬತ್ತುವದು, ಯಾವ ಗುಡ್ಡವು ನೀರು ಕುಡಿದು ಸಡಿಲವಾಗುವದು, ಆನೆಯು ಯಾವ ಕಣಿವೆಯಿಂದ ಇಳಿಯುವದು, ಇದೆಲ್ಲ ಅವರಿಗೆ ಗೊತ್ತು. ಯಾರೂ ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ.

ಹೇಳದೆ ಇರುವದಕ್ಕೆ ಸ್ವಭಾವವೊಂದೇ ಕಾರಣವಲ್ಲ, ಭಯವೂ ಕಾರಣವೇ. ಈ ಭಯಕ್ಕೆ ಹಳೆಯ ಚರಿತ್ರೆಯುಂಟು. 1830ರ ಆಚೀಚೆ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಯೂರೋಪಿಯನ್ನರ ಕಾಫಿ ತೋಟಗಳು ಏಳಲಾರಂಭಿಸಿದವು. ಕಾಡು ಕಡಿಯಲಿಕ್ಕೂ ಹಣ್ಣು ಕೊಯ್ಯಲಿಕ್ಕೂ ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತಂದರು. ಬಂದವನ ನುಡಿ ತುಳುವೋ ತಮಿಳೋ. ಲೆಕ್ಕ ಬರೆಯುವ ರೈಟರ ನುಡಿ ಬೇರೆ. ಧಣಿಯ ನುಡಿ ಅದಕ್ಕಿಂತಲೂ ಬೇರೆ. ಬ್ರಿಟಿಷ್ ಸರಕಾರವು 1859ರಲ್ಲಿ ಮಾಡಿದ ಒಂದು ಕಾಯಿದೆಯ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟುಹೋದ ಕೂಲಿಯವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಸೆರೆಮನೆಗೆ ಕಳುಹಿಸಬಹುದಾಗಿತ್ತು. ಸಾಲದ ವಿಷಯವು ಅಪರಾಧದ ವಿಷಯವಾಯಿತು. ಆ ಕಾಯಿದೆಯು ರದ್ದಾದದ್ದು 1925ರ ಶಾಸನದಿಂದ. ಹಳ್ಳಿಗಳಲ್ಲಿ ಜೀತವು ಕಾಯಿದೆಯ ಮೂಲಕ ನಿಷಿದ್ಧವಾದದ್ದು 1976ರಲ್ಲಿ. ಅಷ್ಟು ಕಾಲ ಬಾಯಿ ತೆರೆದವನಿಗೆ ಪೆಟ್ಟು, ಮುಚ್ಚಿದವನಿಗೆ ಅನ್ನ ಎಂಬದೇ ಅನೇಕರ ಅನುಭವವಾಗಿತ್ತು. ಆದಕಾರಣ ನಮ್ಮ ಅಜ್ಜ ಅಜ್ಜಿಯರು ಮಕ್ಕಳಿಗೆ ‘ಸುಮ್ಮನಿರು, ನಮಗೇಕೆ’ ಎಂದು ಕಲಿಸಿದ್ದಕ್ಕಾಗಿ ಅವರನ್ನು ನಿಂದಿಸಬಾರದು. ಮಳೆಗಾಲದಲ್ಲಿ ಕಂಬಳಿ ಹೇಗೋ, ಅವರಿಗೆ ಮೌನವು ಹಾಗಿತ್ತು. ಆದರೆ ಮಳೆ ನಿಂತ ಮೇಲೆಯೂ ಕಂಬಳಿಯೊಳಗೇ ಮುಖ ಮುಚ್ಚಿಕೊಂಡು ನಡೆಯುವವನು ದಾರಿಯನ್ನು ಕಾಣಲಾರನು. ಈಗ ಅಸ್ಸಾಮು ಮೊದಲಾದ ದೂರದ ಸೀಮೆಗಳಿಂದ ತೋಟಗಳಿಗೆ ಬರುವ ಕೆಲಸದವರಲ್ಲಿ ಅದೇ ಹಳೆಯ ಮೌನವನ್ನು ನಾವು ನೋಡುತ್ತೇವೆ. ಅವರನ್ನು ನೋಡಿದಾಗಲಾದರೂ ನಮ್ಮ ಮನೆಯವರ ನೆನಪು ನಮಗೆ ಬರತಕ್ಕದ್ದು.

ಹೀಗೆ ಸುಮ್ಮನಿರುವದರಿಂದ ಆಗುವ ನಷ್ಟವು ಚಿಕ್ಕದರಿಂದ ಆರಂಭವಾಗುತ್ತದೆ. ಕೊಯ್ಲಿನ ಕಾಲದಲ್ಲಿ ಸಾಯಂಕಾಲ ಹಣ್ಣಿನ ಚೀಲವನ್ನು ತಕ್ಕಡಿಗೆ ಹಾಕುತ್ತಾರೆ. ಕೂಗಿದ ತೂಕಕ್ಕೂ ಮುಳ್ಳು ತೋರಿಸಿದ ತೂಕಕ್ಕೂ ಎರಡು ಕಿಲೋ ವ್ಯತ್ಯಾಸ ಕಂಡರೂ ಕೊಯ್ದವಳು ಮಾತಾಡುವದಿಲ್ಲ. ಒಂದು ದಿನದ ಎರಡು ಕಿಲೋ ದೊಡ್ಡದಲ್ಲವೆಂದು ತೋರಬಹುದು. ಕೊಯ್ಲು ಒಂದು ದಿನದ್ದಲ್ಲ. ಮೇಲಾಗಿ ಕೂಗಿದವನು ಬೇಕೆಂದೇ ತಪ್ಪು ಹೇಳಿದನೆಂದು ಎಣಿಸಲೂ ಬೇಕಾಗಿಲ್ಲ. ಕತ್ತಲಾಗುತ್ತಿತ್ತು, ಅವನಿಗೆ ಸರಿಯಾಗಿ ಕಾಣಿಸಲಿಲ್ಲ. ‘ಅಣ್ಣಾ, ಇನ್ನೊಂದು ಸಾರಿ ನೋಡಿರಿ’ ಎಂಬ ಒಂದು ಮಾತಿಗೆ ಅದು ಸರಿಹೋಗುತ್ತಿತ್ತು. ಆ ಮಾತು ಬಾರದಿದ್ದಾಗ ರಾತ್ರಿ ಒಲೆಯ ಮುಂದೆ ಗೊಣಗಾಟವಾಗಿ, ಮಾರನೆಯ ದಿನ ದ್ವೇಷವಾಗಿ ಬೆಳೆಯುತ್ತದೆ.

ಇದಕ್ಕಿಂತ ದೊಡ್ಡದು ಗ್ರಾಮಸಭೆಯ ವಿಷಯ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯು ಊರಿನ ಮತದಾರರೆಲ್ಲರನ್ನೂ ಗ್ರಾಮಸಭೆಯ ಸದಸ್ಯರನ್ನಾಗಿ ಮಾಡಿತು. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರತಕ್ಕದ್ದು. ಮನೆಯಿಲ್ಲದವರಲ್ಲಿ ಯಾರಿಗೆ ಮನೆ, ಯಾವ ದಾರಿಗೆ ಕಲ್ಲು, ಯಾವ ಹಳ್ಳಕ್ಕೆ ಕಾಲುಸಂಕ, ಎಂಬವುಗಳ ಮಾತು ಅಲ್ಲಿ ಬರುತ್ತದೆ. ಆ ಸಭೆಯಲ್ಲಿ ಲೈನುಮನೆಯವನೂ ತೋಟದ ಧಣಿಯೂ ಕಾಯಿದೆಯ ಮುಂದೆ ಸಮಾನ ಸದಸ್ಯರು. ಆದರೆ ನಡೆಯುವದೇನು? ಮುಂದಿನ ಕುರ್ಚಿಗಳಲ್ಲಿ ಕುಳಿತ ಐದಾರು ಜನರು ಮಾತಾಡುತ್ತಾರೆ. ಹಿಂದಿನವರು ಗೋಡೆಗೆ ಒರಗಿ ಕೇಳುತ್ತಾರೆ. ‘ಎಲ್ಲರಿಗೂ ಒಪ್ಪಿಗೆಯೇ?’ ಎಂಬ ಪ್ರಶ್ನೆ ಬರುತ್ತದೆ. ಯಾರೂ ಬೇಡವೆನ್ನುವದಿಲ್ಲ. ನಡವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಎಂದು ಬರೆಯುತ್ತಾರೆ. ಹೊರಗೆ ಬಂದ ಮೇಲೆ ಚಹದ ಅಂಗಡಿಯಲ್ಲಿ ಅದೇ ಹಿಂದಿನ ಸಾಲಿನವರು ಆ ತೀರ್ಮಾನದ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಾರೆ, ಮತ್ತು ಬಹಳ ಚೆನ್ನಾಗಿ ಹೇಳುತ್ತಾರೆ! ಮೌನಂ ಸಮ್ಮತಿಲಕ್ಷಣಂ ಎಂಬ ಹಳೆಯ ಮಾತನ್ನು ನಾವು ಮದುವೆಯ ಮನೆಯಲ್ಲಿ ನಗುತ್ತಾ ಆಡುತ್ತೇವೆ. ನಡವಳಿ ಪುಸ್ತಕದಲ್ಲಿ ಅದು ನಗುವ ಮಾತಲ್ಲ. ಸುಮ್ಮನಿದ್ದವನ ಹೆಸರು ಒಪ್ಪಿದವರ ಲೆಕ್ಕಕ್ಕೇ ಸೇರುತ್ತದೆ. ಅಳದ ಹೊರತು ತಾಯಿಯೂ ಹಾಲು ಕೊಡಳು ಎನ್ನುತ್ತಾರಷ್ಟೆ. ಪಂಚಾಯತಿಯು ತಾಯಿಗಿಂತ ಹೆಚ್ಚು ಬಲ್ಲದೇ?

ಕೆಲವು ಸಂಗತಿಗಳಲ್ಲಿ ಮೌನದ ಬೆಲೆಯು ಹಣದಲ್ಲಿ ತೀರುವದಲ್ಲ. 2019ರ ಆಗಸ್ಟ್ ತಿಂಗಳಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಕೊಚ್ಚಿಹೋದದ್ದು ನಮ್ಮ ವಾಚಕರಲ್ಲಿ ಅನೇಕರಿಗೆ ನೆನಪಿರುವದು. ಗುಡ್ಡವು ಜರಿಯುವ ಮೊದಲು ಅನೇಕ ವೇಳೆ ಗುರುತು ಕೊಡುತ್ತದೆ. ನೆಲದಲ್ಲಿ ಹೊಸ ಬಿರುಕು ಕಾಣುವದು; ತಿಳಿಯಾಗಿದ್ದ ಒರತೆಯು ಒಮ್ಮೆಲೇ ಕೆಂಪಾಗಿ ಹರಿಯುವದು; ನೆಟ್ಟಗಿದ್ದ ಮರವೋ ಕಂಬವೋ ವಾಲುವದು; ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವದು. ಇವುಗಳನ್ನು ಮೊದಲು ಕಾಣುವವರು ದನ ಕಾಯುವ ಹುಡುಗರು, ಸೌದೆ ತರುವ ಹೆಂಗಸರು. ‘ನಾನು ಹೇಳಿ, ಏನೂ ಆಗದಿದ್ದರೆ ನಗುವರಲ್ಲಾ’ ಎಂಬ ನಾಚಿಕೆಯಿಂದ ಅವರು ಬಾಯಿ ಮುಚ್ಚಿಕೊಂಡರೆ ತಾಲ್ಲೂಕಿನ ಕಚೇರಿಗೆ ಅದು ತಿಳಿಯುವದು ಹೇಗೆ? ನಗುವವರು ನಗಲಿ. ಏನೂ ಆಗದೆ ಹೋದರೆ ಅದಕ್ಕಿಂತ ಸಂತೋಷವೇನು?

ಮಂಗನ ಕಾಯಿಲೆಯ ವಿಷಯವೂ ಹೀಗೆಯೇ. ಈ ಜ್ವರವನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಗ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು; ಕಾಡಿಗೆ ಹೋದ ಜನರಿಗೆ ಜ್ವರ ಬರುತ್ತಿತ್ತು. ಕಾಡಿನ ಉಣುಗು ಕಚ್ಚುವದರಿಂದ ಇದು ಹತ್ತುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹತ್ತುವದಿಲ್ಲ. ಚಳಿಗಾಲದಿಂದ ಮುಂಗಾರಿನ ವರೆಗೆ ಇದರ ಕಾಲ. 2024ರ ಆರಂಭದಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿತು. ಸತ್ತ ಮಂಗವು ಇದರ ಮೊದಲನೆಯ ಸೂಚನೆ. ಅದನ್ನು ಕಂಡ ಕೂಲಿಯವನು ಮುಟ್ಟದೆ, ಹತ್ತಿರ ಹೋಗದೆ, ಅದೇ ದಿನ ಆಶಾ ಕಾರ್ಯಕರ್ತೆಗೋ ಆಸ್ಪತ್ರೆಗೋ ತಿಳಿಸಿದರೆ ಆ ಸುತ್ತಿನ ಜನರನ್ನು ಎಚ್ಚರಿಸಬಹುದು. ಆದರೆ ಅವನು ಹೇಳುವದಿಲ್ಲ. ಕೆಲಸ ನಿಲ್ಲಿಸುತ್ತಾರೇನೋ, ಕೂಲಿ ಹೋಗುತ್ತದೇನೋ, ನೀನೇಕೆ ಆ ಕಡೆಗೆ ಹೋದೆ ಎಂದು ಬೈಯುತ್ತಾರೇನೋ. ಜ್ವರ ಬಂದವನೂ ಎಂಟು ದಿನ ಕಷಾಯ ಕುಡಿದು ಮಲಗುತ್ತಾನೆ; ವೈದ್ಯರು ಕೇಳಿದಾಗಲೂ ಕಾಡಿಗೆ ಹೋಗಿದ್ದೆನೆಂಬದನ್ನು ಬಿಡುತ್ತಾನೆ. ಆ ಒಂದು ಮಾತು ಸಿಕ್ಕಿದ್ದರೆ ವೈದ್ಯರು ರಕ್ತವನ್ನು ಪರೀಕ್ಷೆಗೆ ಕಳುಹಿಸುತ್ತಿದ್ದರು.

ಚಿಕ್ಕವರ ಮಾತಿನಿಂದ ದೊಡ್ಡವರು ಬದುಕಿದ ಕಥೆಯು ನಮ್ಮ ವಾಚಕರಿಗೆ ಹೊಸದಲ್ಲ. ಅರಾಮ್ಯರ ಸೇನಾಧಿಪತಿಯಾದ ನಾಮಾನನ ಮನೆಯಲ್ಲಿ ಸೆರೆಯಾಗಿ ಬಂದ ಒಬ್ಬ ಹುಡುಗಿ ಇದ್ದಳಲ್ಲವೇ? ಅವಳ ಹೆಸರು ಸಹ ಬರೆಯಲ್ಪಟ್ಟಿಲ್ಲ. ಪರದೇಶ, ಪರಭಾಷೆ, ದಾಸತ್ವ. ಸುಮ್ಮನಿರಲು ಅವಳಿಗಿದ್ದಷ್ಟು ಕಾರಣಗಳು ನಮಗೆ ಯಾರಿಗೂ ಇಲ್ಲ. ಆಕೆಯು ಅರಮನೆಯಲ್ಲಿ ನಿಂತು ಪ್ರಸಂಗ ಮಾಡಲಿಲ್ಲ. ತನ್ನ ಯಜಮಾನಿಯ ಕಿವಿಯಲ್ಲಿ ಒಂದು ವಾಕ್ಯ ಹೇಳಿದಳು, ಅಷ್ಟೇ. ನಾವು ಈ ಕಥೆಯನ್ನು ನಾಮಾನನ ಕುಷ್ಠದ ಕಥೆಯೆಂದು ಓದಿ ಮುಗಿಸುತ್ತೇವೆ, ಹುಡುಗಿಯ ಬಳಿ ನಿಲ್ಲುವದಿಲ್ಲ.

ಹೆಂಗಸರ ವಿಷಯದಲ್ಲಿ ಒಂದು ಮಾತು. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅರ್ಧ ಸ್ಥಾನಗಳು ಹೆಂಗಸರಿಗೆ ಮೀಸಲಾಗಿವೆ. ಆದರೂ ಸದಸ್ಯೆಯು ಕುಳಿತಿರಲು ಗಂಡನು ಎದ್ದು ಮಾತಾಡುವ ಸಭೆಗಳನ್ನು ಕಾಣದವರಿಲ್ಲ. ಅದೇ ಹೆಂಗಸು 2000ನೆಯ ಇಸವಿಯಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘದಲ್ಲಿ ಹದಿನೈದು ಇಪ್ಪತ್ತು ಜನರ ಎದುರಿಗೆ ಉಳಿತಾಯದ ಲೆಕ್ಕವನ್ನು ತಪ್ಪಿಲ್ಲದೆ ಹೇಳುತ್ತಾಳೆ. ಅವಳಿಗೆ ನಾಲಿಗೆಯಿಲ್ಲವೆಂಬದು ಸುಳ್ಳು. ಚಿಕ್ಕ ಗುಂಪಿನಲ್ಲಿ, ಗೊತ್ತಿರುವವರ ನಡುವೆ, ತನ್ನ ಸರದಿ ಬಂದಾಗ ಅವಳು ಮಾತಾಡಬಲ್ಲಳು. ಮಾತಾಡದವರನ್ನು ಮಾತಿಗೆ ತರುವ ದಾರಿಯೂ ಇದರಲ್ಲಿಯೇ ತೋರುತ್ತದೆ.

ಮೊದಲು ಕೇಳುವವರ ಕರ್ತವ್ಯವನ್ನು ಹೇಳುವೆವು, ಯಾಕಂದರೆ ಅರ್ಧ ತಪ್ಪು ಅವರದೇ. ಮೇರಿ ಬಡ್ ರೋ ಎಂಬ ಅಮೇರಿಕದ ವಿದ್ವಾಂಸೆಯು 1970ರ ದಶಕದಲ್ಲಿ ಶಾಲೆಗಳನ್ನು ಪರೀಕ್ಷಿಸಿ ನೋಡಿದರು. ಉಪಾಧ್ಯಾಯರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವದು ಸುಮಾರು ಒಂದು ಸೆಕೆಂಡು ಮಾತ್ರ. ಆಮೇಲೆ ತಾವೇ ಹೇಳಿಬಿಡುವರು, ಇಲ್ಲವೆ ಜಾಣ ಹುಡುಗನನ್ನು ಎಬ್ಬಿಸುವರು. ಮೂರು ಸೆಕೆಂಡು ಕಾಯಲು ಕಲಿತಾಗ ಮಕ್ಕಳ ಉತ್ತರಗಳು ಉದ್ದವಾದವು. ಎಂದೂ ಬಾಯಿ ತೆರೆಯದವರು ಸಹ ಉತ್ತರ ಕೊಟ್ಟರು. ಮೂರು ಸೆಕೆಂಡು ಏನು ದೊಡ್ಡದು ಎನ್ನಬೇಡಿರಿ. ಮುಂದಿನ ಕೂಟದಲ್ಲಿ ಒಂದು ಪ್ರಶ್ನೆ ಕೇಳಿ, ಮನಸ್ಸಿನೊಳಗೆ ಒಂದು, ಎರಡು, ಮೂರು ಎಂದು ನಿಧಾನವಾಗಿ ಎಣಿಸಿ ನೋಡಿರಿ. ಎಷ್ಟು ಕಷ್ಟವೆಂದು ತಿಳಿಯುವದು. ಕೆಲವು ಮಕ್ಕಳು ಮನೆಯಲ್ಲಿ ಧಾರಾಳವಾಗಿ ಮಾತಾಡಿಯೂ ಶಾಲೆಯಲ್ಲಿ ತುಟಿ ಬಿಚ್ಚುವದಿಲ್ಲ. ಅದು ಹಟವಲ್ಲ, ಒಂದು ವಿಧವಾದ ಭಯ. ಬೆತ್ತದಿಂದಲೂ ಪರಿಹಾಸ್ಯದಿಂದಲೂ ಅದು ಹೆಚ್ಚುವದು. ಬಹಳ ದಿನ ಹಾಗೆಯೇ ಉಳಿದರೆ ವೈದ್ಯರಿಗೆ ತೋರಿಸತಕ್ಕದ್ದು.

ಮತ್ತೊಂದು ಪರೀಕ್ಷೆಯನ್ನೂ ಹೇಳುವೆವು. ಸಾಲಮನ್ ಆ್ಯಶ್ ಎಂಬ ಪಂಡಿತನು 1951ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದಕ್ಕೆ ಸಮವಾದದ್ದು ಯಾವದೆಂದು ಕೇಳಿದನು. ಕೂತವರೆಲ್ಲರೂ ಮೊದಲೇ ಮಾತಾಡಿಕೊಂಡು ತಪ್ಪನ್ನೇ ಹೇಳಿದರು. ಗುಟ್ಟು ತಿಳಿಯದವನು ಒಬ್ಬನೇ. ಕಣ್ಣಿಗೆ ಸರಿಯಾದದ್ದು ಸ್ಪಷ್ಟವಾಗಿ ಕಾಣುತ್ತಿದ್ದರೂ, ಇಂಥ ಉತ್ತರಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಗುಂಪಿನ ತಪ್ಪಿಗೇ ಒಪ್ಪಿದವು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬನು ಸರಿಯಾದದ್ದನ್ನು ಹೇಳಿದಾಗ ಹಾಗೆ ಒಪ್ಪುವದು ಬಹಳವಾಗಿ ಕಡಿಮೆಯಾಯಿತು. ಆದಕಾರಣ ಮೊದಲು ಎದ್ದು ಮಾತಾಡುವ ಧೈರ್ಯ ಇಲ್ಲದವನು ಎರಡನೆಯವನಾಗಿ ಎದ್ದು ‘ಅವರು ಹೇಳಿದ್ದು ನನಗೂ ಸರಿಯೆಂದು ತೋರುತ್ತದೆ’ ಎಂದರೂ ಸಾಕು. ಲೈನಿನಲ್ಲಿ ಹತ್ತು ಮನೆಯವರಿಗೆ ನೀರಿನ ಕೊರತೆಯಿದ್ದರೆ, ಹೇಳುವವರು ಯಾರು, ಜೊತೆಗೆ ಏಳುವವರು ಯಾರು ಎಂದು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳಿರಿ.

ನಾಲಿಗೆ ಏಳದವನಿಗೆ ಬೇರೆ ದಾರಿಯೂ ಉಂಟು. ಮೋಶೆಯು ತನಗೆ ಮಾತು ಬಾರದೆಂದು ಹಿಂಜರಿದಾಗ ಆರೋನನು ಅವನಿಗೆ ಬಾಯಿಯಾಗಿ ಕೊಡಲ್ಪಟ್ಟನು. ಅದರಿಂದ ಮೋಶೆಯು ಕಡಿಮೆಯವನಾಗಲಿಲ್ಲ. ಬರೆದ ಅರ್ಜಿಯೂ ಒಂದು ಬಾಯಿಯೇ. ಅದನ್ನು ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆ ಮುಗಿಯುವ ಮೊದಲು ‘ಬರೆದದ್ದನ್ನು ಓದಿ ಹೇಳಿರಿ’ ಎಂದು ಕೇಳಿರಿ; ಇದಕ್ಕೆ ವಾಕ್ಚಾತುರ್ಯ ಬೇಕಾಗಿಲ್ಲ. ಈಗ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಗಳೂ ನಡೆಯುತ್ತವೆ. ಶಾಲೆಯ ದಾರಿಯ ಹಳ್ಳಕ್ಕೆ ಸಂಕವಿಲ್ಲವೆಂದು ಹತ್ತು ವರುಷದ ಹುಡುಗಿಯು ಅಧಿಕಾರಿಯ ಮುಂದೆ ನಿಂತು ಹೇಳುವದನ್ನು ತಂದೆತಾಯಿಗಳು ಹೋಗಿ ನೋಡಲಿ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲವನ್ನೂ ಎಲ್ಲರಿಗೂ ಹೇಳಿರೆಂದು ನಮ್ಮ ಅಭಿಪ್ರಾಯವಲ್ಲ. ನೆರೆಯವನು ನಂಬಿ ಹೇಳಿದ ಗುಟ್ಟು, ಗಂಡ ಹೆಂಡಿರ ಜಗಳ, ಇನ್ನೊಬ್ಬನ ಮಗಳ ಮದುವೆಯ ಮಾತು, ಇವು ನಿಮ್ಮವಲ್ಲ. ಇವುಗಳಲ್ಲಿ ಕಲ್ಲಿನಂತಿರುವದೇ ಸಭ್ಯತೆ.

ಕೂಟ ನಡಿಸುವ ಹಿರಿಯರಿಗೆ ಒಂದು ಸೂಚನೆ. ಪೂರ್ವದಲ್ಲಿ ಯೆಹೂದ್ಯರ ನ್ಯಾಯಸಭೆಯಲ್ಲಿ ಮರಣದಂಡನೆಯ ವಿಚಾರ ಬಂದಾಗ ಅಭಿಪ್ರಾಯವನ್ನು ಕಿರಿಯರಿಂದ ಕೇಳಲಾರಂಭಿಸಬೇಕೆಂಬ ನಿಯಮವಿತ್ತು. ಹಿರಿಯನು ಮೊದಲು ಹೇಳಿಬಿಟ್ಟರೆ ಕಿರಿಯನು ಅವನ ವಿರೋಧವಾಗಿ ಬಾಯಿ ತೆರೆಯಲಾರನಷ್ಟೆ. ನಮ್ಮ ಕೂಟಗಳಲ್ಲಿ ಇದರ ತಿರುಗುಮುರುಗಾಗಿ ನಡೆಯುತ್ತದೆ. ಯಜಮಾನರು ಆರಂಭಿಸುತ್ತಾರೆ, ಮಿಕ್ಕವರು ಹೌದೆನ್ನುತ್ತಾರೆ. ಈ ತಿಂಗಳು ಒಂದು ಸಾಯಂಕಾಲ, ದಾರಿಯದೋ ನೀರಿನದೋ ಒಂದು ವಿಷಯವನ್ನು ಇಟ್ಟುಕೊಂಡು ಎಲ್ಲರೂ ಸುತ್ತಲಾಗಿ ಕೂತುಕೊಳ್ಳಿರಿ. ಬಾಗಿಲ ಬಳಿ ಕೂತ ಅತಿ ಕಿರಿಯವನಿಂದ, ಇಲ್ಲವೆ ಕೊನೆಯಲ್ಲಿ ಬಂದ ಸೊಸೆಯಿಂದ ಆರಂಭಿಸಿರಿ. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು. ಹೇಳಲು ಏನೂ ಇಲ್ಲವೆಂದವರನ್ನು ಬಿಟ್ಟು ಮುಂದೆ ಹೋಗಿ, ಸುತ್ತು ಮುಗಿದ ಮೇಲೆ ಅವರ ಬಳಿಗೆ ಮತ್ತೊಮ್ಮೆ ಬನ್ನಿರಿ. ಹಿರಿಯರು ತಮ್ಮ ಮಾತನ್ನು ಎಲ್ಲರ ಕಡೆಗೆ ಹೇಳಲಿ.